ಸಲಹೆ ಒಂದು ಋತು ಮೊದಲೇ ಬರಲಿ: ಪಶುಪಾಲನಾ ಸಲಹೆ ಹೊರಡಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಳೆ ಹಿಡಿದು ಹತ್ತು ದಿನ ಕಳೆದ ಮೇಲೆ ನನ್ನ ಫೋನಿಗೆ ಒಂದು ಸಂದೇಶ ಬಂತು. ಮಳೆಗಾಲಕ್ಕೆ ಮುನ್ನ ಜಾನುವಾರುಗಳಿಗೆ ಗಳಲೆ ರೋಗ ಮತ್ತು ಚಪ್ಪೆ ಬೇನೆಯ ಲಸಿಕೆ ಹಾಕಿಸಿಕೊಳ್ಳಬೇಕೆಂದು ಅದರಲ್ಲಿ ತಿಳಿಸಲಾಗಿತ್ತು. ಹೇಳಿದ ವಿಷಯದಲ್ಲಿ ತಪ್ಪೇನೂ ಇರಲಿಲ್ಲ. ಎರಡೂ ರೋಗಗಳು ತೇವದ ಕಾಲದಲ್ಲಿ ತಲೆಯೆತ್ತುತ್ತವೆ, ಎರಡೂ ಒಂದೆರಡು ದಿನಗಳಲ್ಲೇ ದನವನ್ನು ಕೊಲ್ಲಬಲ್ಲವು, ಎರಡಕ್ಕೂ ಲಸಿಕೆ ಇದೆ. ಆದರೆ ಚುಚ್ಚಿದ ದಿನವೇ ಲಸಿಕೆ ಕಾಪಾಡುವುದಿಲ್ಲ. ಮೈಯಲ್ಲಿ ರೋಗನಿರೋಧಕ ಶಕ್ತಿ ಮೂಡಲು ಎರಡು ಮೂರು ವಾರಗಳು ಬೇಕು. ಆ ಎರಡು ಮೂರು ವಾರಗಳ ಲೆಕ್ಕ ಹಿಡಿದರೆ, ನನಗೆ ಬಂದ ಸಂದೇಶ ಸುಮಾರು ಒಂದು ತಿಂಗಳು ತಡವಾಗಿತ್ತು. ಆ ವರ್ಷ ನನ್ನ ದನಗಳು ಉಳಿದುಕೊಂಡವು. ಅದಕ್ಕೆ ಕಾರಣ ಅದೃಷ್ಟವೇ ಹೊರತು ನನ್ನ ಜಾಣ್ಮೆಯಾಗಲಿ ನಿಮ್ಮ ಸಂದೇಶವಾಗಲಿ ಅಲ್ಲ.

ಮೂರು ಹಸು, ಎಂಟು ಮೇಕೆ, ಇಪ್ಪತ್ತರ ಆಸುಪಾಸಿನಲ್ಲಿ ಏರಿಳಿಯುವ ಕೋಳಿಗಳು, ಇವಿಷ್ಟೇ ನನ್ನ ಪಶುಸಂಪತ್ತು. ನನ್ನಂಥವರನ್ನು ಉದ್ದೇಶಿಸಿಯೇ ನೀವು ಋತುಮಾನದ ಸಲಹೆಗಳನ್ನು ಬರೆಯುತ್ತೀರಿ ಎಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ. ದೊಡ್ಡ ಹಿಂಡುಗಳ ಒಡೆಯರಿಗೆ ತಮ್ಮದೇ ಪಶುವೈದ್ಯರಿರುತ್ತಾರೆ, ದಾಸ್ತಾನು ಇರುತ್ತದೆ. ನಮಗಿರುವುದು ಈ ಸಲಹೆಗಳೇ. ನನ್ನ ತಕರಾರು ಸಲಹೆಗಳ ತಿರುಳಿನ ಬಗ್ಗೆ ಅಲ್ಲ, ಅವು ಬರುವ ಹೊತ್ತಿನ ಬಗ್ಗೆ. ಬೇಸಿಗೆಯ ತೊಂದರೆಗೆ ಬೇಸಿಗೆಯಲ್ಲಿ ಸಲಹೆ ಬರುತ್ತದೆ, ಮಳೆಯ ತೊಂದರೆಗೆ ಮಳೆಯಲ್ಲಿ ಬರುತ್ತದೆ. ಆದರೆ ಬೇಸಿಗೆಯ ಬಹುಪಾಲು ತೊಂದರೆಗಳನ್ನು ತಪ್ಪಿಸುವ ಕೆಲಸ ಮುಗಿಯಬೇಕಾದದ್ದು ಮಳೆಗಾಲದ ಕೊನೆಯಲ್ಲಿ, ಮಳೆಗಾಲದ ತೊಂದರೆಗಳನ್ನು ತಪ್ಪಿಸುವ ಕೆಲಸ ಮುಗಿಯಬೇಕಾದದ್ದು ಬೇಸಿಗೆಯಲ್ಲಿ.

ಮೇವಿನ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಸಣ್ಣ ರೈತ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಸುಮಾರು 400 ಕಿಲೋ ತೂಕದ ಹಸುವಿಗೆ ಅದರ ತೂಕದ ಶೇ. 2.5ರಷ್ಟು, ಅಂದರೆ ದಿನಕ್ಕೆ 10 ಕಿಲೋ ಒಣಾಂಶ (ಮೇವಿನಲ್ಲಿ ನೀರು ಕಳೆದು ಉಳಿಯುವ ಭಾಗ) ಬೇಕು. ಹಸಿರು ಹುಲ್ಲು ಸಿಗದ ಕಾಲ 120 ದಿನವೆಂದು ಹಿಡಿದರೆ ಒಂದು ಹಸುವಿಗೆ 1,200 ಕಿಲೋ, ಮೂರಕ್ಕೆ 3,600 ಕಿಲೋ. ಗೋದಲಿಯಲ್ಲಿ ಚೆಲ್ಲಿ ತುಳಿದು ಹಾಳಾಗುವ ಪಾಲನ್ನು ಇದಕ್ಕೆ ಸೇರಿಸಬೇಕು. ಅದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯಿದ್ದರೆ ಆ ಮನೆಯವರು ನನಗಿಂತ ಶಿಸ್ತಿನವರು. ಒಣಹುಲ್ಲಿನಲ್ಲಿ ಒಣಾಂಶ ಹೆಚ್ಚುಕಡಿಮೆ ಪೂರ್ತಿಯೇ ಇರುತ್ತದೆ, ರಸಮೇವಿನಲ್ಲಿ (ಹಸಿಯಾಗಿಯೇ ಮುಚ್ಚಿಟ್ಟು ಹುದುಗಿಸಿದ ಮೇವು, ಸೈಲೇಜ್) ಮೂರನೆಯ ಒಂದು ಭಾಗ, ಹಸಿ ಹುಲ್ಲಿನಲ್ಲಿ ಐದನೆಯ ಒಂದು ಭಾಗ. ಇಷ್ಟು ಗೊತ್ತಿದ್ದರೆ ಮಳೆಗಾಲ ಮುಗಿಯುತ್ತಿದ್ದಂತೆಯೇ ಬಣವೆಯನ್ನು ಅಳೆದು ನೋಡಿ, ಮೂರೂ ಹಸುಗಳು ಮುಂದಿನ ಮಳೆಯವರೆಗೆ ಉಣ್ಣಬಲ್ಲವೋ ಇಲ್ಲವೋ ಎಂದು ಯಾರು ಬೇಕಾದರೂ ಹೇಳಬಹುದು. ಮೇವು ಎರಡಕ್ಕೇ ಸಾಕಾಗುವಂತಿದ್ದರೆ ಮೂರನೆಯದನ್ನು ಮಾರುವ ನಿರ್ಧಾರ ಅಂದೇ ಆಗಬೇಕು. ಆಗ ಅದರ ಮೈಮೇಲೆ ಮಾಂಸವಿರುತ್ತದೆ, ಕಣ್ಣಲ್ಲಿ ಕಳೆಯಿರುತ್ತದೆ. ಮೂರು ತಿಂಗಳು ಕಾದರೆ ಅದೂ ಸೊರಗುತ್ತದೆ, ಉಳಿದೆರಡರ ಪಾಲನ್ನೂ ತಿಂದಿರುತ್ತದೆ. ಬೇಸಿಗೆಯ ನಡುವೆ ಬರುವ ‘ಅನುತ್ಪಾದಕ ಪಶುಗಳನ್ನು ವಿಲೇವಾರಿ ಮಾಡಿ’ ಎಂಬ ಸಲಹೆಯನ್ನು ಓದುವಾಗ ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ.

ರಸಮೇವಿನ ಕತೆಯೂ ಇಂಥದೇ. ಜೋಳವೋ ಮೆಕ್ಕೆಜೋಳವೋ ಹಾಲುಗಾಳು ಗಟ್ಟಿಯಾಗುವ ಹಂತದಲ್ಲಿ ಇರುವಾಗ ಕೊಯ್ದು, ಎರಡು ಮೂರು ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ, ಗಾಳಿಯಾಡದಂತೆ ಅಮುಕಿ ಮುಚ್ಚಿಟ್ಟರೆ ಸುಮಾರು 45 ದಿನಗಳಲ್ಲಿ ಅದು ಹದಕ್ಕೆ ಬರುತ್ತದೆ. ನಾನು ಮೊದಲ ಬಾರಿ ಮಾಡಿದಾಗ ಕೈಯಲ್ಲಿದ್ದ ಕರಪತ್ರದಲ್ಲಿ ‘ಬಿಗಿಯಾಗಿ ತುಂಬಬೇಕು’ ಎಂದಿತ್ತು. ಎಷ್ಟು ಬಿಗಿ ಎಂದು ಹೇಳಿರಲಿಲ್ಲ. ಗುಂಡಿ ತುಂಬಿದ ಮೇಲೆ ನಾವು ಇಬ್ಬರು ಹತ್ತಿ ನಾಲ್ಕು ಸುತ್ತು ತುಳಿದು, ಪ್ಲಾಸ್ಟಿಕ್ ಹೊದಿಸಿ, ಮಣ್ಣು ಹಾಕಿ ಬಂದೆವು. ಒಂದೂವರೆ ತಿಂಗಳ ಮೇಲೆ ತೆರೆದಾಗ ಅಂಚಿನುದ್ದಕ್ಕೂ ಬಿಳಿ ಬೂಷ್ಟು, ಅದರ ಕೆಳಗೆ ಒಂದು ಮೊಳದಷ್ಟು ಕಪ್ಪಗೆ ಲೋಳೆಯಾದ ಮೇವು, ಹಳಸಿದ ಬೆಣ್ಣೆಯ ವಾಸನೆ. ಹಸು ಮೂಸಿ ನೋಡಿ ಮುಖ ತಿರುಗಿಸಿತು, ಆಮೇಲೆ ನನ್ನನ್ನೇ ನೋಡುತ್ತಾ ನಿಂತಿತು. ಗುಂಡಿ ತುಂಬಿದ ಮೇಲೆ ತುಳಿಯುವುದಲ್ಲ, ಗೇಣಿಗಿಂತ ಕಡಿಮೆ ದಪ್ಪದ ಒಂದೊಂದು ಪದರವನ್ನೂ ಹಿಮ್ಮಡಿ ಹೂಳದಷ್ಟು ಗಟ್ಟಿಯಾಗುವವರೆಗೆ ತುಳಿದ ಬಳಿಕವೇ ಮುಂದಿನ ಪದರ ಹಾಕಬೇಕೆಂದು ನಾನು ಕಲಿತದ್ದು ಆ ನಷ್ಟದಿಂದ. ತೇವದ ಹದವನ್ನೂ ನೀವು ‘ಶೇ. 65ರಿಂದ 70’ ಎಂದು ಬರೆಯುತ್ತೀರಿ. ನಮ್ಮ ಬಳಿ ತೇವ ಅಳೆಯುವ ಯಂತ್ರವಿಲ್ಲ, ಕೈಯಿದೆ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ಬಿಟ್ಟಾಗ ಉಂಡೆ ನಿಧಾನವಾಗಿ ಬಿಚ್ಚಿಕೊಳ್ಳಬೇಕು, ಅಂಗೈ ಒದ್ದೆಯಾಗಬೇಕು, ಹನಿ ಮಾತ್ರ ಬೀಳಬಾರದು. ಈ ಒಂದು ಸಾಲು ಆ ಶೇಕಡಾವಾರಿನ ಪಕ್ಕದಲ್ಲಿ ಇದ್ದಿದ್ದರೆ ಸಾಕಿತ್ತು. ಗುಂಡಿ ತೋಡುವಷ್ಟು ಮೇವಿಲ್ಲದವರು ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲೋ ಮುಚ್ಚಳವಿರುವ ಡ್ರಮ್ಮುಗಳಲ್ಲೋ ಇದೇ ಕೆಲಸ ಮಾಡಬಹುದೆಂಬುದನ್ನು ಸಹ ದಯವಿಟ್ಟು ಬರೆಯಿರಿ.

ಒಣಹುಲ್ಲನ್ನು ಸಂಸ್ಕರಿಸುವ ಸಲಹೆಯಲ್ಲಿ ಅಳತೆ ಮಾತ್ರ ಸ್ಪಷ್ಟವಾಗಿರುತ್ತದೆ: 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ, ಸುಮಾರು 50 ಲೀಟರ್ ನೀರು, ಮುಚ್ಚಿಡುವುದು 21 ದಿನ. ಎಚ್ಚರಿಕೆಗಳು ಕೊನೆಯಲ್ಲಿ ಸಣ್ಣ ಅಕ್ಷರಕ್ಕೆ ಜಾರಿರುತ್ತವೆ. ಯೂರಿಯಾವನ್ನು ಯಾವ ಕಾರಣಕ್ಕೂ ನೇರವಾಗಿ ತಿನ್ನಿಸಬಾರದು, ಕರಗಿಸಿದ ನೀರಿನ ಬಕೆಟ್ಟು ದನಗಳ ಬಾಯಿಗೆ ಎಟುಕಬಾರದು, ಆರು ತಿಂಗಳೊಳಗಿನ ಕರುಗಳಿಗೆ ಈ ಹುಲ್ಲು ಸಲ್ಲದು, ಹೊರತೆಗೆದ ಹುಲ್ಲಿನ ಘಾಟು ಹೋಗುವವರೆಗೆ ಗಾಳಿಗೆ ಹರಡಿ ಆಮೇಲೆ ಕೊಡಬೇಕು. ಇವು ಅಳತೆಗಿಂತ ಮೊದಲು ಬರಬೇಕಾದ ಮಾತುಗಳು.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. ಮಳೆ ಕೈಕೊಟ್ಟು ಕುಗ್ಗಿ ನಿಂತ ಜೋಳದ ಪೈರಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಬರದ ನಂತರ ಬಿದ್ದ ಮಳೆಗೆ ಚಿಗುರಿದ ಕೂಳೆಯಲ್ಲಿ, ಸಯನೈಡ್ ವಿಷ ಕೂಡಿಕೊಂಡಿರುತ್ತದೆ. ಹಸಿದ ದನ ಅದರ ಮೇಲೆ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿ ಕುಸಿಯುತ್ತದೆ. ಮದ್ದು ಇದೆ, ಆದರೆ ವೈದ್ಯರು ಬರುವ ಹೊತ್ತಿಗೆ ಅದು ಬೇಕಾಗಿಯೇ ಇರುವುದಿಲ್ಲ. ಪೈರು ಸೊಂಟದ ಎತ್ತರಕ್ಕೆ ಬರುವ ಮೊದಲು ಬಿಡಬೇಡಿ, ಹಸಿದ ಹೊಟ್ಟೆಯಲ್ಲಂತೂ ಬಿಡಲೇಬೇಡಿ ಎಂಬ ಸೂಚನೆ ಬರಬೇಕಾದದ್ದು ಬರದ ನಂತರದ ಮೊದಲ ಮಳೆಯ ಮುನ್ಸೂಚನೆಯ ಜೊತೆಗೆ. ಅದೇ ದಿನ ಎಲ್ಲರೂ ಹಸಿರು ಕಂಡ ಸಂತೋಷದಲ್ಲಿ ಹಗ್ಗ ಬಿಚ್ಚುತ್ತಾರೆ. ಜೊತೆಗೆ ಒಂದು ಗೊಂದಲವನ್ನೂ ನೀವು ಬಿಡಿಸಬೇಕು. ಕೊಯ್ದು ಚೆನ್ನಾಗಿ ಒಣಗಿಸಿದರೆ ಸಯನೈಡ್ ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಇಂಥದೇ ಬರದ ಪೈರಿನಲ್ಲಿ ಸೇರುವ ನೈಟ್ರೇಟು ಎಂಬ ಇನ್ನೊಂದು ವಿಷ ಒಣಗಿಸಿದರೂ ಹೋಗುವುದಿಲ್ಲ. ‘ಒಣಗಿಸಿ ಕೊಡಿ’ ಎಂಬ ಎರಡೇ ಪದಗಳ ಸಲಹೆ ಮೊದಲನೆಯದಕ್ಕೆ ಸರಿ, ಎರಡನೆಯದಕ್ಕೆ ತಪ್ಪು.

ಹುಲ್ಲುಗಾವಲಿನ ಬಗ್ಗೆ ಬರುವ ಸಲಹೆಗಳಲ್ಲಿ ಹೆಚ್ಚಾಗಿ ದನಗಳ ಸಂಖ್ಯೆ ಇಳಿಸಿ ಎಂದಿರುತ್ತದೆ. ಫ್ರಾನ್ಸಿನ ವಿಜ್ಞಾನಿ, ರೈತ ಆಂದ್ರೆ ವಾಝ್ಯಾಂ ತಾವೇ ಹಸುಗಳನ್ನು ಮೇಯಿಸುತ್ತಾ ಗಮನಿಸಿ 1950ರ ದಶಕದಲ್ಲಿ ವಾದಿಸಿದ್ದು ಬೇರೆಯದನ್ನು. ಅವರ ಪ್ರಕಾರ ಅತಿಮೇಯಿಸುವಿಕೆ ಎಷ್ಟು ದನ ಎಂಬುದಕ್ಕಿಂತ ಎಷ್ಟು ದಿನ ಎಂಬುದರ ಪ್ರಶ್ನೆ. ಒಮ್ಮೆ ಕಚ್ಚಿಸಿಕೊಂಡ ಹುಲ್ಲು ಬೇರಿನಲ್ಲಿಟ್ಟ ಗಂಟನ್ನು ಕರಗಿಸಿ ಚಿಗುರುತ್ತದೆ. ಆ ಚಿಗುರು ಬೇರಿನ ಸಾಲ ತೀರಿಸುವ ಮುನ್ನವೇ ಮತ್ತೆ ಬಾಯಿ ಬಿದ್ದರೆ ಬುಡವೇ ಸಾಯುತ್ತದೆ. ಎರಡೇ ಹಸುಗಳು ಒಂದೇ ತುಂಡಿನಲ್ಲಿ ಇಡೀ ಋತು ಮೇಯ್ದರೂ ಅದು ಹಾಳಾಗುತ್ತದೆ, ಹತ್ತು ಹಸುಗಳು ಮೂರು ದಿನ ಮೇಯ್ದು ತಿಂಗಳು ಬಿಟ್ಟು ಮರಳಿದರೆ ಉಳಿಯುತ್ತದೆ. ಇದನ್ನು ನಾವು ಪಾಲಿಸುವ ಕ್ರಮ ಸರಳವಾಗಿದೆ: ಹುಲ್ಲು ಗೇಣುದ್ದವಾದ ಮೇಲೆ ಒಳಗೆ, ನಾಲ್ಕು ಬೆರಳಿಗೆ ಇಳಿದಾಗ ಹೊರಗೆ. ಇದರಲ್ಲಿ ಅತ್ಯಂತ ಕಷ್ಟವಾದದ್ದು ಮೊದಲ ಮಳೆಯ ನಂತರದ ಮೂರು ನಾಲ್ಕು ವಾರ. ಬಣವೆ ಬರಿದಾಗಿರುತ್ತದೆ, ಬಯಲು ಹಸಿರಾಗಿ ಕಾಣುತ್ತಿರುತ್ತದೆ, ಹುಲ್ಲು ಮಾತ್ರ ಎರಡೇ ಬೆರಳಷ್ಟಿರುತ್ತದೆ. ಆ ವಾರಗಳನ್ನು ದಾಟಿಸುವ ಕೊನೆಯ ಹತ್ತು ಹೊರೆ ಒಣಮೇವನ್ನು ಬೇರೆಯಾಗಿ ತೆಗೆದಿಡಿ ಎಂದು ಯಾವ ಸಲಹೆಯಲ್ಲೂ ನಾನು ಇದುವರೆಗೆ ಓದಿಲ್ಲ.

ನಾಲ್ಕು ಬೆರಳಿನ ಲೆಕ್ಕಕ್ಕೆ ಇನ್ನೊಂದು ಲಾಭವಿದೆ. ಕುರಿ ಮೇಕೆಗಳ ರಕ್ತ ಹೀರುವ ಜಂತುಗಳ ಮರಿಹುಳುಗಳು ಹೆಚ್ಚಾಗಿ ಹುಲ್ಲಿನ ಬುಡದ ಐದು ಸೆಂಟಿಮೀಟರಿನೊಳಗೇ ಇರುತ್ತವೆ. ಬೆಚ್ಚಗಿನ ತೇವದ ಕಾಲದಲ್ಲಿ ಹಿಕ್ಕೆಯಲ್ಲಿನ ಮೊಟ್ಟೆ ಒಡೆದು, ಬೇರೆ ಪ್ರಾಣಿಯ ಹೊಟ್ಟೆ ಸೇರಲು ಸಿದ್ಧವಾದ ಹುಳುವಾಗಲು ವಾರ ಸಾಕು. ಆದ್ದರಿಂದ ಮೇಕೆಗಳನ್ನು ಒಂದು ತುಂಡಿನಲ್ಲಿ ನಾಲ್ಕೈದು ದಿನಕ್ಕಿಂತ ಹೆಚ್ಚು ನಿಲ್ಲಿಸದಿರುವುದು, ಬುಡದವರೆಗೆ ಮೇಯಲು ಬಿಡದಿರುವುದು ಎಷ್ಟೋ ಬಾಟಲಿ ಔಷಧಕ್ಕೆ ಸಮ. ನಿಮ್ಮ ಸಲಹೆಗಳಲ್ಲಿ ಇದರ ಬದಲು ‘ಮೂರು ತಿಂಗಳಿಗೊಮ್ಮೆ ಎಲ್ಲಕ್ಕೂ ಜಂತುನಾಶಕ ಕುಡಿಸಿ’ ಎಂದಿರುತ್ತದೆ. ಈ ಸಾಲನ್ನು ಕೈಬಿಡಬೇಕೆಂದು ನಾನು ಗಟ್ಟಿಯಾಗಿ ಕೇಳಿಕೊಳ್ಳುತ್ತೇನೆ. ಇಡೀ ಹಿಂಡಿಗೆ ಒಂದೇ ಔಷಧವನ್ನು ಮತ್ತೆ ಮತ್ತೆ ಕುಡಿಸಿದರೆ ಅದಕ್ಕೆ ಬಗ್ಗದ ಹುಳುಗಳಷ್ಟೇ ಉಳಿದು ಬೆಳೆಯುತ್ತವೆ. ಕಣ್ಣಂದಾಜಿನಲ್ಲಿ ತೂಕ ಹಿಡಿದು ಕಡಿಮೆ ಕುಡಿಸಿದರೂ ಅದೇ ಗತಿ. ಪ್ರತಿ ಎರಡು ವಾರಕ್ಕೊಮ್ಮೆ ಮೇಕೆಯ ಕೆಳಗಿನ ಕಣ್ಣುರೆಪ್ಪೆಯನ್ನು ಬಿಡಿಸಿ ನೋಡಿದರೆ ಒಳಭಾಗ ಕೆಂಪಗಿದೆಯೋ ಬಿಳಿಚಿದೆಯೋ ತಿಳಿಯುತ್ತದೆ. ಬಿಳಿಚಿದ್ದಕ್ಕೆ, ದವಡೆಯ ಕೆಳಗೆ ನೀರು ತುಂಬಿ ಜೋತದ್ದಕ್ಕೆ ಔಷಧ ಕೊಡಿಸಿದರೆ ಸಾಕು. ನನ್ನ ಎಂಟರಲ್ಲಿ ಪ್ರತಿ ಮಳೆಗಾಲವೂ ಬಿಳಿಚುವುದು ಅವೇ ಎರಡು. ಅವುಗಳ ಮರಿಗಳನ್ನು ಈಗ ಸಾಕಲು ಉಳಿಸಿಕೊಳ್ಳುವುದಿಲ್ಲ. ಜೌಗು ನೆಲದ ಬಸವನಹುಳುಗಳಿಂದ ಬರುವ ಯಕೃತ್ತಿನ ಚಪ್ಪಟೆ ಹುಳುವಿನ ಮಾತು ಬೇರೆ; ಅದಕ್ಕೆ ಬೇರೆಯದೇ ಔಷಧ, ಬೇರೆಯದೇ ಕಾಲ. ಎರಡನ್ನೂ ‘ಜಂತುನಾಶಕ’ ಎಂಬ ಒಂದೇ ಪದದಲ್ಲಿ ಮುಗಿಸಬೇಡಿ.

ಚಳಿಯ ಬಗ್ಗೆ ನಿಮ್ಮ ಸಲಹೆಗಳು ಚೆನ್ನಾಗಿಯೇ ಇವೆ. ಒಣ ಹಾಸು, ಗಾಳಿಗೆ ಮರೆ, ಹುಟ್ಟಿದ ಕರುವಿಗೆ ಮೊದಲ ಒಂದೆರಡು ಗಂಟೆಯೊಳಗೆ ಗಿಣ್ಣದ ಹಾಲು, ಇವನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಬಿಸಿಲಿನ ಬಗ್ಗೆ ಹೇಳುವಾಗ ಮಾತ್ರ ಉಷ್ಣಾಂಶದ ಅಂಕಿಗಳನ್ನು ಬಿಟ್ಟು ಹಸುವಿನ ಪಕ್ಕೆಯನ್ನು ನೋಡಲು ಹೇಳಿ. ನೆರಳಿನಲ್ಲಿ ಸುಮ್ಮನೆ ನಿಂತಿರುವ ಹಸುವಿನ ಪಕ್ಕೆ ನಿಮಿಷಕ್ಕೆ 60ಕ್ಕಿಂತ ಹೆಚ್ಚು ಬಾರಿ ಏರಿಳಿಯುತ್ತಿದ್ದರೆ ಅದು ಬಿಸಿಲಿಗೆ ಸೋಲತೊಡಗಿದೆ. ಮೇವು ಹೊಟ್ಟೆಯಲ್ಲಿ ಹುದುಗುವಾಗಲೂ ಶಾಖ ಹುಟ್ಟುತ್ತದೆ, ಹಾಗಾಗಿ ಮುಖ್ಯ ಮೇವು ಬೆಳಗಿನ ಜಾವಕ್ಕೂ ಸಂಜೆ ತಂಪಿಗೂ ಸರಿಯಬೇಕು. ಹಾಲಿನಲ್ಲಿ ಶೇ. 87ರಷ್ಟು ನೀರೇ ಇರುವಾಗ ಗೋದಲಿಯ ಪಕ್ಕ ದಿನವಿಡೀ ನೀರಿಲ್ಲದ ಹಸು ಹಾಲು ಇಳಿಸಿತೆಂದು ದೂರುವಂತಿಲ್ಲ. ನೆರಳಿನ ಮರ ನೆಡುವ ಕಾಲ ಮಳೆಗಾಲವೆಂಬುದನ್ನು ಬೇರೆ ಹೇಳಬೇಕಿಲ್ಲ.

ಕೋಳಿಗಳ ವಿಷಯದಲ್ಲಿ ಸಲಹೆ ಬರೆಯುವವರು ದೊಡ್ಡ ಶೆಡ್ಡುಗಳನ್ನು ಕಣ್ಣಮುಂದೆ ಇಟ್ಟುಕೊಂಡಿರುತ್ತಾರೆಂದು ನನ್ನ ಅನುಮಾನ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಹಾಗೆ ಏದುಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ಮೊಟ್ಟೆಯ ಚಿಪ್ಪು ಕಟ್ಟಲು ಬೇಕಾದ ಅಂಶವೇ ಕುಗ್ಗುತ್ತದೆ. ಬೇಸಿಗೆಯ ತೆಳುಚಿಪ್ಪಿಗೆ ಸುಣ್ಣದ ಕೊರತೆಯೊಂದೇ ಕಾರಣವಲ್ಲ, ತಣ್ಣೀರು ಮತ್ತು ನೆರಳು ಮೊದಲ ಮದ್ದು ಎಂದು ತಿಳಿದರೆ ಹಲವರ ದುಡ್ಡು ಉಳಿಯುತ್ತದೆ. ಮರಿಗಳಿಗೆ ಮೊದಲ ವಾರ 32ರಿಂದ 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ಆದರೆ ಬಲ್ಬಿನ ಕೆಳಗೆ ಒತ್ತೊತ್ತಾಗಿ ಮುದುಡಿದ್ದರೆ ಚಳಿ, ಗೋಡೆಗೆ ಸರಿದು ರೆಕ್ಕೆ ಬಿಚ್ಚಿ ಮಲಗಿದ್ದರೆ ಸೆಕೆ, ಎಲ್ಲೆಡೆ ಹರಡಿಕೊಂಡು ಕಾಳು ಹೆಕ್ಕುತ್ತಿದ್ದರೆ ಸರಿ ಎಂಬುದು ಉಷ್ಣಮಾಪಕಕ್ಕಿಂತ ಒಳ್ಳೆಯ ಅಳತೆ. ಮಳೆಗಾಲದಲ್ಲಿ ಹಾಸನ್ನು ಕೈಯಲ್ಲಿ ಹಿಂಡಿ ನೋಡಬೇಕು. ಉಂಡೆ ಕಟ್ಟಿ ಹಾಗೆಯೇ ಉಳಿದರೆ ಅದು ರಕ್ತಭೇದಿಗೆ ಹಾಸಿಕೊಟ್ಟ ಹಾಸಿಗೆ, ಏಕೆಂದರೆ ಆ ರೋಗಾಣು ಹಿಕ್ಕೆಯಲ್ಲಿ ಹೊರಬಿದ್ದ ಮೇಲೆ ತೇವ ಮತ್ತು ಬಿಸುಪು ಸಿಕ್ಕರೆ ಒಂದೆರಡು ದಿನದಲ್ಲೇ ಸೋಂಕುಕಾರಿಯಾಗುತ್ತದೆ.

ಕೋಳಿಗಳ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯಲ್ಲಿ ನಮ್ಮ ಕಷ್ಟ ಬೇರೆ ರೀತಿಯದು. ಲಸಿಕೆಯ ಸೀಸೆಯಲ್ಲಿ ನೂರಾರು ಕೋಳಿಗಳಿಗೆ ಆಗುವಷ್ಟು ಇರುತ್ತದೆ, ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ತರಬೇಕು, ಕರಗಿಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಇಪ್ಪತ್ತು ಕೋಳಿಗಳಿಗಾಗಿ ಒಬ್ಬರು ಸೀಸೆ ಒಡೆದರೆ ಉಳಿದದ್ದೆಲ್ಲ ಮಣ್ಣುಪಾಲು. ಹಾಗಾಗಿ ಯಾರೂ ಒಡೆಯುವುದಿಲ್ಲ. ಹತ್ತು ಹದಿನೈದು ಮನೆಗಳು ಒಂದೇ ಬೆಳಗ್ಗೆ, ಕೋಳಿಗಳನ್ನು ಗೂಡಿನಿಂದ ಬಿಡುವ ಮುನ್ನ, ಕಣ್ಣಿಗೆ ಒಂದೊಂದು ಹನಿ ಹಾಕಿಸಿಕೊಂಡರೆ ಈ ತೊಡಕೇ ಇರುವುದಿಲ್ಲ. ‘ಲಸಿಕೆ ಹಾಕಿಸಿ’ ಎಂದು ಬರೆಯುವ ಬದಲು ದಿನ ಗೊತ್ತುಮಾಡಿ ತಿಳಿಸಿ. ಶಾಖವನ್ನು ಸ್ವಲ್ಪಮಟ್ಟಿಗೆ ತಾಳಿಕೊಳ್ಳುವ ಲಸಿಕೆಗಳೂ ಇರುವುದರಿಂದ ದೂರದ ಮನೆಗಳಿಗೆ ಅವನ್ನೇ ಕೊಡಿಸಿ.

ಇದು ಆಗದ ಮಾತಲ್ಲ. ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಈ ಭೂಮಿಯಿಂದಲೇ ಅಳಿಯಿತೆಂದು 2011ರಲ್ಲಿ ಘೋಷಿಸಲಾಯಿತು. ಅದರ ಕೊನೆಯ ನೆಲೆಗಳಾಗಿದ್ದ ಪೂರ್ವ ಆಫ್ರಿಕದ ಒಣ ಸೀಮೆಗಳಲ್ಲಿ ಕೆಲಸಕ್ಕೆ ಬಂದದ್ದು ಶಾಖ ತಾಳುವ ಲಸಿಕೆ, ಮತ್ತು ಅದನ್ನು ಹೆಗಲಿಗೇರಿಸಿಕೊಂಡು ನಡೆದ, ತರಬೇತಿ ಪಡೆದ ದನಗಾಹಿಗಳು. ರೋಗದ ಗುರುತುಗಳನ್ನು ಆ ದನಗಾಹಿಗಳು ಮೊದಲೇ ಬಲ್ಲವರಾಗಿದ್ದರು, ಯಾವ ಹಿಂಡು ಯಾವ ತಿಂಗಳಲ್ಲಿ ಎಲ್ಲಿರುತ್ತದೆಂಬುದೂ ಅವರಿಗೇ ಗೊತ್ತಿತ್ತು. ಕಚೇರಿಯವರು ಅವರನ್ನು ಕೇಳಿದರು. ನೀವೂ ಪ್ರತಿ ಋತುವಿನ ಸಲಹೆ ಬರೆಯುವ ಮುನ್ನ ನಾಲ್ಕಾರು ಸಣ್ಣ ಹಿಡುವಳಿದಾರರನ್ನು ಕರೆದು, ಕಳೆದ ಬಾರಿಯ ಸಲಹೆ ಯಾವಾಗ ತಲುಪಿತು, ಅಷ್ಟರಲ್ಲಿ ಏನಾಗಿ ಹೋಗಿತ್ತು ಎಂದು ಕೇಳಿ. ಆಮೇಲೆ ಬರೆಯುವ ಪ್ರತಿಯೊಂದು ಸೂಚನೆಯ ಪಕ್ಕದಲ್ಲೂ ಅದನ್ನು ಮಾಡಿ ಮುಗಿಸಬೇಕಾದ ಕೊನೆಯ ದಿನವನ್ನು ನಮೂದಿಸಿ. ಹತ್ತು ಕೆಲಸಗಳಲ್ಲಿ ಒಂದನ್ನೇ ಮಾಡಲು ಸಾಧ್ಯವಾಗುವವರು ಯಾವುದನ್ನು ಮಾಡಬೇಕು ಎಂದೂ ಹೇಳಿ, ಏಕೆಂದರೆ ನಮ್ಮಲ್ಲಿ ಬಹುತೇಕರು ಅಂಥವರೇ.

ಕೊನೆಯದಾಗಿ, ತುರ್ತಾದ ಒಂದು ವಿಷಯ. ಮೇಕೆಯ ಗಬ್ಬದ ಅವಧಿ 150 ದಿನ. ಈ ಸಲ ಬೆದೆಗೆ ಬರುವ ಮೇಕೆಗೆ ಕೂಡಲೇ ಹೋತವನ್ನು ಬಿಟ್ಟರೆ ಐದು ತಿಂಗಳ ಮೇಲೆ, ಹುಲ್ಲಿಲ್ಲದ ಬಿಸಿಲಿನ ನಡುವೆ ಅದು ಮರಿ ಹಾಕುತ್ತದೆ. ತಾಯಿಗೆ ಹಾಲಿರುವುದಿಲ್ಲ, ಅವಳಿ ಮರಿಗಳಲ್ಲಿ ಒಂದು ಉಳಿದರೆ ಹೆಚ್ಚು. ಎರಡು ತಿಂಗಳು ತಡೆದು ಬಿಟ್ಟರೆ ಮರಿ ಬೀಳುವ ಹೊತ್ತಿಗೆ ಮೊದಲ ಚಿಗುರು ಮೇಲೆದ್ದಿರುತ್ತದೆ. ನಮ್ಮ ಕಡೆಯ ಮೇಕೆಗಳಲ್ಲಿ ಬೆದೆ ಇನ್ನೆರಡು ವಾರಗಳಲ್ಲಿ ಶುರುವಾಗಲಿದೆ, ಹೋತವನ್ನು ನಾನು ಬೇರೆ ಕಟ್ಟಿದ್ದೇನೆ, ಅಕ್ಕಪಕ್ಕದವರು ಕಟ್ಟಿಲ್ಲ. ನಾನು ಹೇಳಿದರೆ ಅವರು ನಕ್ಕು ಸುಮ್ಮನಾಗುತ್ತಾರೆ, ನಿಮ್ಮ ಸಂದೇಶ ಬಂದರೆ ಒಮ್ಮೆಯಾದರೂ ಯೋಚಿಸುತ್ತಾರೆ. ದಯವಿಟ್ಟು ಅದನ್ನು ಈ ವಾರವೇ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಣ್ಣ ಹಿಡುವಳಿದಾರ